ಸೊಂಟದ ಮಡಿಕೆ

ಇಸ್ತ್ರಿಪೆಟ್ಟಿಗೆ ತುಸು ಹೆಚ್ಚು ಕಾದಿತ್ತು. ಟ್ರಂಕಿನ ತಳದಲ್ಲಿ ಸಿಕ್ಕ ಅಪ್ಪನ ಖಾಕಿ ಪ್ಯಾಂಟಿನ ಮೇಲೆ ಇಟ್ಟೊಡನೆ ಹಳೆಯ ಗಂಜಿ ಸುಟ್ಟ ವಾಸನೆ ಬಂತು… ಆ ವಾಸನೆಯೊಳಗೆ ಟೈಲರ್ ಕೂತಿದ್ದರು.

ತೊಂಬತ್ತರ ದಶಕದ ಭದ್ರಾವತಿ. ಅಪ್ಪ ದುಡಿಯುತ್ತಿದ್ದ ಸರ್ಕಾರಿ ಕಾರ್ಖಾನೆ ನಷ್ಟದಲ್ಲಿತ್ತು. ಆದರೂ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಖಾಕಿ ಬಟ್ಟೆ, ಹೊಲಿಗೆಯ ಭತ್ಯೆ ಸಿಗುತ್ತಿತ್ತು. ಅದನ್ನೆಲ್ಲ ಹೊಲಿಯುತ್ತಿದ್ದವರು ಕ್ವಾರ್ಟರ್ಸ್ ಎದುರಿನ ಈ ಟೈಲರ್. ಹೊಲಿಯುತ್ತಲೇ, ಸರ್ಕಾರ ಕಾರ್ಖಾನೆ ನಡೆಸಬಾರದು ಎಂದು ವಾದಿಸುತ್ತಿದ್ದರು.

"ಆಯನೂರು ಸಂತೇಲಿ ಬೆಂಕಿಪೊಟ್ಟಣ ಕೊಳ್ಳೋ ಮುದುಕೀನೂ ತೆರಿಗೆ ಕಟ್ತಾಳೆ ಮಾರಾಯ. ನಿಮ್ಮ ನಷ್ಟ ಅವಳ್ಯಾಕೆ ತುಂಬಬೇಕು?"

"ನೋಟು ಪ್ರಿಂಟ್ ಮಾಡಿ ತುಂಬ್ಲಿ ಬಿಡಿ," ಎಂದು ಯಾರಾದರೂ ಕೆಣಕುತ್ತಿದ್ದರು.

"ಮಾಡ್ಲಿ. ಆಮೇಲೆ ಈ ದಾರದ ಉಂಡೆ ರೇಟು ನೀನೇ ಕೇಳ್ಕೊಂಡು ಬಾ."

ಅಪ್ಪ ನಗುತ್ತಿದ್ದರು. "ನಿಮ್ಮ ಮೆಷಿನ್ ತಿರುಗೋದೂ ಸರ್ಕಾರದ ದುಡ್ಡಲ್ಲೇ ಅಲ್ವಾ ಟೈಲರೇ?"

"ಅದೂ ನಿಲ್ಲಲಿ. ನಾನೇನು ಬೇಡ ಅಂದ್ನಾ?"

ಕೆಲವು ವರ್ಷಗಳ ನಂತರ ಸ್ವಯಂನಿವೃತ್ತಿಯ ನೋಟೀಸು ಬಂತು. ಸಹಿ ಹಾಕಿದರೆ ಇಡುಗಂಟೊಂದು ಕೈಗೆ ಬರುತ್ತಿತ್ತು, ಆದರೆ ಕೆಲಸವೂ ಕ್ವಾರ್ಟರ್ಸೂ ಹೋಗುತ್ತಿದ್ದವು. ಹಾಕದಿದ್ದರೆ ಕಾರ್ಖಾನೆ ಎಷ್ಟು ದಿನ ನಡೆದೀತೆಂದು ಯಾರಿಗೂ ತಿಳಿಯದು. ಅಪ್ಪ ಅಂಗಡಿಗೆ ಹೋಗಿ ಕೇಳಿದರು. ಕಾಲೇಜಿನಲ್ಲಿದ್ದ ನಾನೂ ಜೊತೆಗಿದ್ದೆ.

"ಸಹಿ ಹಾಕ್ಲಾ ಟೈಲರೇ?"

ಇಲ್ಲಿ ನನ್ನ ನೆನಪನ್ನು ನಂಬಬೇಡಿ. "ಬೇಡ" ಎಂದು ಅವರು ಅಪ್ಪನ ಕೈ ಹಿಡಿದುಕೊಂಡರೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಕೇಳುವವರಿಗೆ ಅದು ಹಿಡಿಸುತ್ತದೆ. ಕೆದಕಿದರೆ ಉಳಿಯುವುದು ಇಷ್ಟು: ಪೆಡಲ್ ಮೇಲಿನ ಕಾಲು ನಿಂತಿತು. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ…

"ಮನೇಲೊಂದು ಮಾತು ಕೇಳಿ ಸ್ವಾಮಿ," ಎಂದರು. ದೇಶದ ಬಜೆಟ್ಟಿಗೆಲ್ಲ ಉತ್ತರವಿದ್ದ ಮನುಷ್ಯ.

ಅಪ್ಪ ಸಹಿ ಹಾಕಿದರು. ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆ ಹಿಡಿದೆವು. ಕೊನೆಯ ವರ್ಷದ ಖಾಕಿಯನ್ನು ಹೊಲಿದು, ಟೈಲರ್ ಬಸ್ಸಿನಲ್ಲಿ ತಾವೇ ತಂದುಕೊಟ್ಟರು. ಗಿರಾಕಿಗಳಿಲ್ಲದೆ ಅವರ ಅಂಗಡಿಯೂ ಅಷ್ಟರಲ್ಲಿ ಮುಚ್ಚಿತ್ತು.

"ಈಗಲೂ ಅದೇ ಮಾತಾ?" ಅಪ್ಪ ಕೇಳಿದರು.

"ಮಾತು ಅದೇ," ಎಂದು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಎಲ್ಲಿ ಹೋದರೋ, ಹೊಲಿಗೆ ಮುಂದುವರಿಸಿದರೋ ಇಲ್ಲವೋ…

ಅವರ ಲೆಕ್ಕ ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಯೋಚಿಸಿದರೆ ಸುಸ್ತಾಗುತ್ತದೆ, ಅಷ್ಟೆ.

ಅವರು ತಂದುಕೊಟ್ಟ ಆ ಕೊನೆಯ ಪ್ಯಾಂಟನ್ನು ಮಗುಚಿ ಹಾಕಿದೆ. ಸೊಂಟದ ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿ ಹೊಲಿದಿದ್ದರು, ಮುಂದೆ ಅಪ್ಪ ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು. ಅಪ್ಪ ಆ ಪ್ಯಾಂಟನ್ನು ಒಮ್ಮೆಯೂ ತೊಡಲಿಲ್ಲ. ಹೋಗುವವರೆಗೂ ಸೊರಗುತ್ತಲೇ ಇದ್ದರು.