ಮಂದೆ ಕರೆದವರು ರಾಗಿ ಕೊಡಬೇಕು

ಆ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮನೆ ಮುಂದಿನ ಹೊಂಗೆ ಮರದ ಕೆಳಗೆ ಒಂಟಿ ಕಾಲಲ್ಲಿ ನಿಂತಿದ್ದ. ಬಲ ಪಾದವನ್ನು ಎಡ ಮೊಣಕಾಲಿಗೆ ಒತ್ತಿ, ಕೋಲಿಗೆ ಮೈಯ ಭಾರ ಬಿಟ್ಟು ನಿಲ್ಲುವುದು ಅವನ ರೂಢಿ. ಕುರಿ ಕಾಯುವವರೆಲ್ಲ ಹಾಗೇ ನಿಲ್ಲುತ್ತಾರೆ. ಆದರೆ ದೊಡ್ಡಪ್ಪ ಕುರಿ ಮಾರಿ ಎಷ್ಟೋ ವರ್ಷವಾದ ಮೇಲೂ ಬ್ಯಾಂಕಿನ ಸಾಲಿನಲ್ಲಿ, ಸಿರಾ ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ಹಾಗೇ ನಿಲ್ಲುತ್ತಿದ್ದ. ಜನ ನೋಡಿ ನಗುತ್ತಿದ್ದರು. ಅವನಿಗೆ ಅದು ಗೊತ್ತಿರಲೂ ಇಲ್ಲ.

ಮರುದಿನ ನಾನು ಹೊರಡಬೇಕಿತ್ತು. ಸಮುದ್ರದ ಕಡೆಯ ಒಂದು ಊರಿನಲ್ಲಿ ನಾಲ್ಕು ವಾರ ಇದ್ದು ಚಿತ್ರ ಬರೆಯುವುದಕ್ಕೆ ಕರೆದಿದ್ದರು. ಜಗಲಿಯ ಮೇಲೆ ಬ್ಯಾಗು ತುಂಬುತ್ತಿದ್ದೆ. ದೊಡ್ಡಪ್ಪ ಕಾಲಿಳಿಸಿ ಬಂದು ಬ್ಯಾಗನ್ನು ಎತ್ತಿ ನೋಡಿದ. ಕೂತು, ಅರ್ಧ ಸಾಮಾನು ತೆಗೆದು ಹೊರಗಿಟ್ಟ.

"ನಿನ್ ಹಿಂದೆ ಬ್ಯಾಗ್ ಬರ್ಬೇಕೋ, ಬ್ಯಾಗಿನ್ ಹಿಂದೆ ನೀನ್ ಹೋಗ್ಬೇಕೋ? ಎಲ್ಡ್ ಬಟ್ಟೆ ಸಾಕ್ ಕಣಮ್ಮ."

ದೊಡ್ಡಮ್ಮ ಒಳಗಿನಿಂದ ಹುರಿದ ಕಡ್ಲೆಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಬಂದಳು. ದೊಡ್ಡಪ್ಪ ಅದನ್ನೂ ತಡೆದ. "ಇವ್ಳಿಗ್ಯಾಕೆ ಬುತ್ತಿ? ಅಲ್ಲಿ ಅವ್ರೇ ಉಣ್ಣಕ್ಕಿಕ್ತಾರಂತೆ."

ನಾನು ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತೆ. ಅವನು ಎದ್ದವನು ನನ್ನ ಕಿವಿ ನೋಡಿದ. ಕುರಿಯನ್ನು ಕಿವಿಯಿಂದಲೇ ಗುರುತು ಹಿಡಿಯುತ್ತಿದ್ದವನು.

"ಓಲೆ ಎಲ್ಲಮ್ಮ?"

"ಸಮುದ್ರದ ಕಡೆ ಹೋಗ್ತಿದೀನಲ್ಲ ದೊಡ್ಡಪ್ಪ, ಕಳೆದೋದ್ರೆ ಅಂತ ತೆಗ್ದಿಟ್ಟೆ."

"ಒಳ್ಳೇದಾಯ್ತು ಬುಡು" ಎಂದ. ಆಮೇಲೆ ಮುದ್ದೆ ಉಂಡೆವು. ಮಧ್ಯಾಹ್ನ ಮಲಗಿದೆವು. ಅಷ್ಟೇ ಆ ದಿನ.

ದೊಡ್ಡಪ್ಪನ ಹೆಸರು ಕ್ಯಾತಣ್ಣ. ಗೌಡಗೆರೆ ಹೋಬಳಿಯ ಒಂದು ಹಟ್ಟಿ ನಮ್ಮದು. ಅಪ್ಪ ಅವ್ವ ಇಟ್ಟಿಗೆ ಗೂಡಿನ ಕೆಲಸಕ್ಕೆ ಊರೂರು ತಿರುಗುತ್ತಿದ್ದರು. ನನ್ನ ಓದು ಕೆಡಬಾರದೆಂದು ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮನ ಹತ್ತಿರ ಬಿಟ್ಟರು. ಬರೆಯುವಾಗ ಅವನನ್ನು ಬಹುವಚನದಲ್ಲಿ ಕರೆಯಬೇಕೇನೋ. ಆದರೆ 'ದೊಡ್ಡಪ್ಪ ಬಂದರು' ಎಂದರೆ ಅವನೇ ತಿರುಗಿ, ಹಿಂದೆ ಯಾರು ಬಂದರು ಎಂದು ನೋಡುವಂಥವನು.

ಸಿರಾದಲ್ಲಿ ಪಿಯುಸಿ ಮಾಡಿ, ತುಮಕೂರಿನಲ್ಲಿ ಎರಡು ವರ್ಷ ಚಿತ್ರಕಲೆ ಕಲಿತೆ. ಈಗ ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ನನಗೆ ಬಿಡುವು. ಆ ಎರಡು ತಿಂಗಳು ನಮಗೆ ಸಂಬಳವೂ ಇಲ್ಲ. ಬೇಸಿಗೆಯಲ್ಲಿ ಕಲಾವಿದರನ್ನು ಕರೆಯುವ ಈ ರೆಸಿಡೆನ್ಸಿಗಳಿಗೆ ಐದು ವರ್ಷ ಅರ್ಜಿ ಹಾಕಿದೆ. ಐದೂ ವರ್ಷ ಇದೇ ತೊಡಕು. ಹೋಗಲು ಸಮಯವಿದ್ದಾಗ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಮೊದಲನೇ ಸಲ ಅರ್ಜಿ ಹಾಕುವಾಗ ಇದೇನು ಎಂದು ದೊಡ್ಡಪ್ಪನಿಗೆ ಬಿಡಿಸಿ ಹೇಳಿದ್ದೆ. "ಅವರ ಜಾಗದಲ್ಲಿ ಒಂದು ತಿಂಗಳು ಇರೋದು ದೊಡ್ಡಪ್ಪ. ಅಲ್ಲೇ ಕೂತು ಚಿತ್ರ ಬರೆಯೋದು. ಆಮೇಲೆ ವಾಪಸ್ ಬರೋದು."

ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. "ಮಂದೆ ಹಾಕ್ಸೋದು ಅನ್ನು" ಎಂದ.

ಬೆಳೆ ಕುಯ್ದ ಮೇಲೆ ಹೊಲದವರು ಕುರಿಯವರನ್ನು ಕರೆಸಿ, ಮಂದೆಯನ್ನು ತಮ್ಮ ಹೊಲದಲ್ಲಿ ಕೆಲವು ದಿನ ಕೂರಿಸಿಕೊಳ್ಳುತ್ತಾರೆ. ಕುರಿಯ ಗೊಬ್ಬರ ಹೊಲಕ್ಕೆ. ಅದಕ್ಕೆ ಬದಲಾಗಿ ಕುರಿಯವರಿಗೆ ರಾಗಿ, ಉಪ್ಪು, ಮೆಣಸಿನಕಾಯಿ ಕೊಡುತ್ತಾರೆ. ದೊಡ್ಡಪ್ಪ ಮೂವತ್ತು ಬೇಸಿಗೆ ಹೀಗೆ ಮಂದೆ ಹೊಡೆದುಕೊಂಡು ನಡೆದಿದ್ದ. ಒಂದು ವರ್ಷ ತೋವಿನಕೆರೆಯ ತೋಟಗಳ ಕಡೆ, ಒಂದು ವರ್ಷ ಕೊಡಿಗೇನಹಳ್ಳಿ ಕಡೆ. ಪಾವಗಡದ ಕಡೆ ಹೋಗಿ ಹೋಗಿ ತೆಲುಗೂ ಬಂದಿತ್ತು. "ಅಲ್ಲೋರ್ತಾವ ಕನ್ನಡದಾಗೆ ಕೇಳುದ್ರೆ ಒಂದ್ ಸೇರು, ತೆಲುಗಿನಾಗೆ ಕೇಳುದ್ರೆ ಎಲ್ಡ್ ಸೇರು" ಎನ್ನುತ್ತಿದ್ದ. ಕರೆಯಲು ಬಂದವರ ಹತ್ತಿರ ಮೊದಲು ನೀರು ಎಲ್ಲಿದೆ ಎಂದು ಕೇಳುತ್ತಿದ್ದನಂತೆ. ಆಮೇಲೆ ನೆರಳು. ಕೊನೆಗೆ ರಾಗಿ.

ಈ ರಾಗಿಯ ವಿಷಯದಲ್ಲಿ ಮಾತ್ರ ಅವನು ಕಲ್ಲು. ಒಂದು ವರ್ಷ ಕೊರಟಗೆರೆ ಕಡೆ ಒಬ್ಬ ಹೊಲದವನು ಹನ್ನೆರಡು ದಿನ ಮಂದೆ ಕೂರಿಸಿಕೊಂಡು, ಮಳೆಗಾಲ ಕಳೆಯಲಿ ಕೊಡುತ್ತೇನೆ ಎಂದು ಕೈ ಅಲ್ಲಾಡಿಸಿಬಿಟ್ಟ. ದೊಡ್ಡಪ್ಪ ಆಗ ಚಿಕ್ಕ ವಯಸ್ಸಿನವನು. ಜಗಳ ಯಾಕೆಂದು ಸುಮ್ಮನೆ ಬಂದುಬಿಟ್ಟ. ಮುಂದಿನ ಬೇಸಿಗೆ ಅದೇ ಊರಿಗೆ ಹೋದ ಬೇರೆ ಕುರಿಯವರಿಗೂ ಯಾರೂ ರಾಗಿ ಅಳೆಯಲಿಲ್ಲ. 'ಹೋದ ವರ್ಷದವನು ಪುಕ್ಕಟೆ ಕೂತು ಹೋದ, ನಿಮ್ಮದೇನು?' ಎಂದರಂತೆ.

"ನಾನೊಬ್ನು ಸುಮ್ಕೆ ಬಂದಿದ್ಕೆ ಅಷ್ಟ್ ಜನಾನೂ ಹಸ್ಕಂಡ್ರು ಕಣಮ್ಮ" ಎಂದು ಆ ಕಥೆ ಹೇಳುವಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. "ಮಂದೆ ಕರ್ದೋರು ರಾಗಿ ಕೊಡ್ಬೇಕು. ಕೊಡ್ದಿದ್ರೆ ಹೋಗ್‌ಬಾರ್ದು. ನಿನ್ ಹೊಟ್ಟೆಗಲ್ಲ. ಹಿಂದೆ ಬರೋರ್ ಹೊಟ್ಟೆಗೆ."

ಹಾಗಾಗಿ ನನ್ನ ಅರ್ಜಿಗಳನ್ನು ಮೊದಲು ಪರೀಕ್ಷೆ ಮಾಡುತ್ತಿದ್ದವನು ಅವನೇ. ನಾನು ಮೊಬೈಲಿನಲ್ಲಿ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಬೇಕು. ಅವನು ಒಂಟಿ ಕಾಲಲ್ಲಿ ನಿಂತು ಕೇಳಬೇಕು. 'ನಿಮ್ಮ ಕೆಲಸದ ಬಗ್ಗೆ ಮುನ್ನೂರು ಪದಗಳಲ್ಲಿ ಬರೆಯಿರಿ' ಎಂದಿದ್ದರೆ, "ಮುನ್ನೂರಾ? ಟಗರು ಮಾರಾಕೇ ಹತ್ ಮಾತ್ ಸಾಕು" ಎನ್ನುತ್ತಿದ್ದ. ಅರ್ಜಿ ಹಾಕುವುದಕ್ಕೇ ಶುಲ್ಕ ಎಂದರೆ, ಮುಂದಕ್ಕೆ ಓದಲು ಬಿಡುತ್ತಿರಲಿಲ್ಲ. "ಮುಚ್ಚು ಅದ್ನ."

ಒಮ್ಮೆ ನಾನು ಓದುತ್ತಿದ್ದ ಹಾಗೇ ಮೊಬೈಲು ಕಿತ್ತುಕೊಂಡು, "ಅದ್ರಾಗೆ ನಂಬರ್ ಐತಲ್ಲ, ಒತ್ತು" ಎಂದ. ಬೇಡ ಎಂದರೂ ಕೇಳಲಿಲ್ಲ. ಸ್ಪೀಕರ್ ಹಾಕಿಸಿಕೊಂಡ. ಆ ಕಡೆ ಕನ್ನಡ ಬರುವ ಒಬ್ಬ ಹುಡುಗಿ ಸಿಕ್ಕಿದಳು.

"ಯಾರಮ್ಮ? ನಾನು ಸಿರಾ ತಾಲ್ಲೂಕು ಕ್ಯಾತಣ್ಣ. ನಮ್ ರತ್ನಿ ನಿಮ್ತಾವ ಬರ್ಬೇಕು ಅಂತವ್ಳೆ."

"ಸರ್, ನೀವೂ ಕಲಾವಿದರಾ?"

"ನಾನ್ ಕುರಿಯೋನು. ಅಲ್ಲಿ ನೀರ್ ಹೆಂಗೈತಮ್ಮ?"

"ನೀರು... ಇದೆ ಸರ್."

"ನೆಳ್ಳು?"

"ಮರಗಳಿವೆ ಸರ್."

"ಉಣ್ಣಾಕೆ?"

"ಊಟ ಅವರೇ ಮಾಡ್ಕೋಬೇಕು ಸರ್. ಅಡುಗೆಮನೆ ಕೊಡ್ತೀವಿ."

"ಅವ್ಳು ಬರ್ದಿದ್ ಚಿತ್ರ?"

"ಒಂದನ್ನ ನಮಗೆ ಬಿಟ್ಟು ಹೋಗಬೇಕು ಸರ್."

ದೊಡ್ಡಪ್ಪ ನನ್ನ ಕಡೆ ನೋಡಿದ. "ಗೊಬ್ರಾನೂ ನಿಮ್ಗೇ, ರಾಗೀನೂ ನಮ್ದೇ. ಇದ್ಯಾವ್ ಸೀಮೆ ನ್ಯಾಯ ತಾಯಿ?"

ಆ ಹುಡುಗಿಗೆ ಏನು ಅರ್ಥವಾಯಿತೋ, ನಕ್ಕಳು. "ಏನ್ ಮಾಡೋದು ಸರ್, ನಮಗೂ ಇಲ್ಲಿ ಮೂರು ತಿಂಗಳಿಂದ ಸಂಬಳ ಬಂದಿಲ್ಲ" ಎಂದಳು. ದೊಡ್ಡಪ್ಪನ ದನಿ ತಕ್ಷಣ ಇಳಿಯಿತು. ಯಾವ ಊರು, ಮದುವೆ ಆಗಿದೆಯಾ ಎಂದೆಲ್ಲ ವಿಚಾರಿಸಿ ಫೋನು ಇಟ್ಟ. "ಪಾಪ, ಆ ಮಗೀನೂ ಯಾರ್ದೋ ಹೊಲ್ದಾಗೆ ಸುಮ್ಕೆ ಕುಂತೈತೆ" ಎಂದ. ಆ ಅರ್ಜಿ ನಾನು ಹಾಕಲಿಲ್ಲ.

ಏನೂ ಕೇಳದೆ, ಊಟ ಹಾಕಿ, ಕೈಗೂ ಒಂದಿಷ್ಟು ಕೊಟ್ಟು ಇಟ್ಟುಕೊಳ್ಳುವ ಜಾಗಗಳು ಇಲ್ಲವೆಂದಲ್ಲ. ಅವುಗಳಿಗೆ ದೇಶದಲ್ಲಿರುವವರೆಲ್ಲ ಅರ್ಜಿ ಹಾಕುತ್ತಾರೆ. ಪ್ರತಿ ವರ್ಷ ಮಾರ್ಚಿನಲ್ಲಿ ಒಂದೇ ತರದ ಉತ್ತರ ಬರುತ್ತಿತ್ತು. ಈ ಸಲ ಅರ್ಜಿಗಳು ಬಹಳ ಇದ್ದವು, ನಿಮ್ಮ ಕೆಲಸ ನಮಗೆ ಇಷ್ಟವಾಯಿತು, ಆದರೆ. ದೊಡ್ಡಪ್ಪ ಅದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಹೊಲ ಒಂದು, ಮಂದೆ ಹತ್ತು. ಅವ್ರಾದ್ರೂ ಏನ್ ಮಾಡ್ಯಾರು?" ನನಗೆ ಮಾತ್ರ ವರ್ಷ ವರ್ಷಕ್ಕೂ ಆಯಾಸ ಕೂಡುತ್ತಾ ಹೋಯಿತು. ಜೊತೆಯಲ್ಲಿ ಕಲಿತವರು ಎರಡು ಮೂರು ಕಡೆ ಹೋಗಿ ಬಂದಿದ್ದರು. ಎಲ್ಲಿಗೂ ಹೋಗದವರನ್ನು ಬೇರೆಯವರೂ ಕರೆಯುವುದಿಲ್ಲ.

ನನ್ನ ಚಿತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ದೊಡ್ಡ ಬಟ್ಟೆಗಳ ಮೇಲೆ ಇದ್ದಿಲಿನಲ್ಲಿ ಬರೆಯುತ್ತೇನೆ. ಕುರಿಗಿಂತ ಹೆಚ್ಚಾಗಿ, ಕುರಿ ದಾಟಿ ಹೋದ ನೆಲ, ಅದರ ಮೇಲಿನ ಹೆಜ್ಜೆ ಗುರುತು. ಒಂದು ಚಿತ್ರಕ್ಕೆ 'ನೀರಿನ ಕಡೆಗೆ' ಎಂದು ಹೆಸರಿಟ್ಟು ಅರ್ಜಿಯ ಜೊತೆ ಕಳಿಸಲು ಇಟ್ಟಿದ್ದೆ. ದೊಡ್ಡಪ್ಪ ಅದನ್ನು ಗೋಡೆಗೆ ಆನಿಸಿ ನೋಡಿದ, ಹತ್ತಿರ ಹೋಗಿ ನೋಡಿದ. "ಇವು ನೀರಿಗೋಗ್ತಿಲ್ಲ ಕಣಮ್ಮ. ಬಾಯಾರಿದ್ ಕುರಿ ಇಂಗೆ ಹರಡ್ಕಳಕ್ಕಿಲ್ಲ, ಒಂದ್ರ ಹಿಂದೊಂದು ಓಡ್ತವೆ. ಇವು ಕುಡ್ದು ವಾಪಸ್ ಬರ್ತಾ ಅವೆ." ನಾನು ಹೆಸರು ಬದಲಾಯಿಸಿದೆ. ನನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ಓದಿದವರು ಇನ್ನೊಬ್ಬರಿಲ್ಲ.

ಹೋದ ವರ್ಷ ಸಮುದ್ರದ ಕಡೆಯವರು ನನ್ನನ್ನು ಆರಿಸಿದರು. ಕೋಣೆ, ಊಟ, ಕೆಲಸಕ್ಕೆ ಜಾಗ ಎಲ್ಲ ಇತ್ತು, ಆದರೆ ಅಷ್ಟಕ್ಕೂ ದುಡ್ಡು ನಾವೇ ಕಟ್ಟಬೇಕು. ನನ್ನ ಮೂರು ತಿಂಗಳ ಸಂಬಳದಷ್ಟು. ವಾರದೊಳಗೆ ಉತ್ತರ ಹೇಳಿ ಎಂದಿದ್ದರು. ಐದು ದಿನ ಯೋಚಿಸಿದೆ. ಆರನೇ ದಿನ ಮಧುಗಿರಿಯಲ್ಲಿ ಓಲೆ ಅಡವಿಟ್ಟು ಕಟ್ಟಿಬಿಟ್ಟೆ. ಭಾನುವಾರ ದೊಡ್ಡಪ್ಪ ನೋಡಿದ ಬೋಳು ಕಿವಿಯ ಕಾರಣ ಅದು.

ಆ ದಿನ ದುಪಟ್ಟಾ ತಲೆಗೆ ಹೊದ್ದು ಮನೆಗೆ ಬಂದು ಸೆಲೆಕ್ಟ್ ಆಯಿತು ಎಂದೆ. ಅವನು ಕೇಳಿದ್ದು ಒಂದೇ. "ರಾಗಿ?"

"ಎಲ್ಲ ಅವರದ್ದೇ ದೊಡ್ಡಪ್ಪ" ಎಂದೆ.

ಅವನು ಎದ್ದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಸಂಜೆಯೊಳಗೆ ಹಟ್ಟಿಗೆಲ್ಲ ಗೊತ್ತಾಗಿತ್ತು. 'ನಮ್ ರತ್ನೀನ ಅನ್ನ ಇಕ್ಕಿ ಕರ್ಸ್ಕಂತಾವ್ರೆ' ಎಂದು ಅವನು ಹಾಲಿನ ಡೈರಿಯ ಮುಂದೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ. ಅಲ್ಲೇ ಹೋಗಿ ತಡೆಯಬಹುದಿತ್ತು.

ಅಲ್ಲಿಗೆ ಹೋದ ಮೇಲೆ ದಿನವೂ ಸಂಜೆ ಫೋನು ಮಾಡುತ್ತಿದ್ದ. ಚಿತ್ರ ಹೇಗಾಯಿತು ಎಂದು ಒಮ್ಮೆಯೂ ಕೇಳಲಿಲ್ಲ.

"ಏನಿಕ್ಕುದ್ರು ಇವತ್ತು?"

"ಅನ್ನ, ಮೀನ್ ಸಾರು."

"ಮುದ್ದೆ?"

"ಇಲ್ಲಿ ಮಾಡಲ್ಲ ದೊಡ್ಡಪ್ಪ."

"ಮುದ್ದೆ ಇಲ್ದೆ ಅದೆಂಗ್ ಕೆಲ್ಸ ತಗೀತಾರೋ. ವಟ್ಟೆ ತುಂಬಾ ಉಣ್ಣು, ನಾಚ್ಕಬ್ಯಾಡ. ಅದು ನಿನ್ ಪಾಲು."

ಪ್ರತಿ ಸಂಜೆಯೂ ಆ ಮಾತು ಕೇಳಿ, ಮರಳಿನ ಮೇಲೆ ಸ್ವಲ್ಪ ದೂರ ನಡೆದು ಬರುತ್ತಿದ್ದೆ. ಬರೆಯಲು ಆಗುತ್ತಿರಲಿಲ್ಲ. ಊರಿಗೆ ಹೋದ ದಿನವೇ ನಿಜ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು ಎಂದುಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಫೋನು ಬಂತು. ಮಾತಾಡಿದ್ದು ದೊಡ್ಡಮ್ಮ. ಮುದ್ದೆ ಉಂಡು ಕೈ ತೊಳೆದವನು ಜಗಲಿಯ ಗೋಡೆಗೆ ಒರಗಿ ಕೂತನಂತೆ. ಕೂಗಿದರೆ ಏಳಲಿಲ್ಲವಂತೆ. ನಾನು ಮೂರು ಬಸ್ಸು ಬದಲಾಯಿಸಿ ಹಟ್ಟಿ ಮುಟ್ಟುವಷ್ಟರಲ್ಲಿ ಮರುದಿನವಾಗಿತ್ತು. ಬಿಸಿಲು ಜಾಸ್ತಿ, ಇಡಲು ಆಗಲಿಲ್ಲ, ಮಣ್ಣು ಮಾಡಿಬಿಟ್ಟೆವು ಎಂದರು. ಸಮುದ್ರದ ಕಡೆಗೆ ಮತ್ತೆ ಹೋಗಲಿಲ್ಲ. ಕಟ್ಟಿದ್ದು ವಾಪಸ್ ಬರುವುದಿಲ್ಲ ಎಂದು ಅವರು ಮೊದಲೇ ಬರೆದಿದ್ದರು.

ತಿಥಿಯ ದಿನ, ಊಟವೆಲ್ಲ ಮುಗಿದ ಮೇಲೆ, ಪಕ್ಕದ ಮನೆಯ ನಾಗಮ್ಮ ನನ್ನ ಹತ್ತಿರ ಬಂದು ಕೂತಳು. ಅವಳ ಮಗಳು ಸಿರಾದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಚೆನ್ನಾಗಿ ಚಿತ್ರ ಬರೆಯುತ್ತಾಳೆ.

"ಕೈ ಚೆಂದಾಗಿದ್ರೆ ಅವ್ರೇ ಅನ್ನ ಇಕ್ಕಿ ಇಟ್ಕಂತಾರೆ ಅಂತ ಕ್ಯಾತಣ್ಣ ಹೇಳ್ತಿದ್ದ. ನಮ್ಮುಡ್ಗೀನೂ ಕಳುಸ್ತೀನಿ. ನಿಂಗೆ ಅಂಗೇ ಕೊಟ್ರಂತಲ್ಲಮ್ಮ?"

ಹೌದು ಎಂದುಬಿಡುವುದು ಸುಲಭವಿತ್ತು. "ಇಲ್ಲಕ್ಕ" ಎಂದೆ. "ನಾನೇ ದುಡ್ಡು ಕಟ್ಟಿ ಹೋಗಿದ್ದೆ. ಅವಳು ಕಟ್ಟೋದು ಬೇಡ."

ನಾಗಮ್ಮ ದನಿ ತಗ್ಗಿಸಿದಳು. "ಕ್ಯಾತಣ್ಣಂಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಾಗ್ದಿದ್ದೇ ಒಳ್ಳೇದಾಯ್ತು ಬುಡು" ಎಂದು ನನ್ನ ಬೆನ್ನು ಸವರಿ ಎದ್ದು ಹೋದಳು. ಅವಳು ಸಮಾಧಾನಕ್ಕೆ ಹೇಳಿದ್ದು.

ಒಳ್ಳೆಯದಾಗಲಿಲ್ಲ. ಗೊತ್ತಾಗಿದ್ದರೆ ದೊಡ್ಡಪ್ಪ ಬೈಯುತ್ತಿದ್ದ. ಎರಡು ದಿನ ಮಾತು ಬಿಡುತ್ತಿದ್ದ, ಮೂರನೇ ದಿನ ತಾನೇ ಕೂಗಿ ಉಣ್ಣಲು ಕರೆಯುತ್ತಿದ್ದ. ಈಗ ಮತ್ತೆ ಬೇಸಿಗೆಯ ಅರ್ಜಿಗಳು ಶುರುವಾಗಿವೆ. ಒಂದನ್ನು ತೆಗೆದು ಓದಿದೆ, ಮುಚ್ಚಿದೆ. ನನಗೆ ಆ ಬೈಗುಳ ಇನ್ನೂ ಸಿಕ್ಕಿಲ್ಲ.