ಮೋಡ ಕಾಯುವ ಪುಟ್ಟಸಿದ್ದಯ್ಯ

ಲೊಕ್ಕನಹಳ್ಳಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಊರಾಚೆಯ ಬಂಡೆಯ ಮೇಲೆ ಪುಟ್ಟಸಿದ್ದಯ್ಯ ಆಗಲೇ ಬಂದು ಕೂತಿದ್ದಾರೆ. ಅರವತ್ತೆರಡು ವರ್ಷದ ಕೂಲಿಕಾರ. ಕೊರಳಲ್ಲಿ ಬಸ್ ಕಂಡಕ್ಟರ್ ಊದುವಂಥ ವಿಷಲ್, ಕಣ್ಣು ಕಾಡಿನಂಚಿನ ಆಕಾಶದ ಮೇಲೆ. "ಬೆಳಗ್ಗೆ ಆಕಾಶ ತೊಳ್ದಂಗಿದ್ರೆ ನಂಬ್ಬಾರ್ದು ಸಾ. ಇಂಥ ದಿನ್ವೇ ಮಧ್ಯಾನ ಮೋಸ ಮಾಡದು."

ಮೇ ತಿಂಗಳ ಬಿಸಿಲಿಗೆ ಹತ್ತು ಗಂಟೆಗೇ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ಮೇಲೆ ಹೋಗಿ ತಣ್ಣಗಾದಾಗ ಅದರೊಳಗಿನ ತೇವ ಹನಿಗಟ್ಟಿ ಸಣ್ಣ ಬಿಳಿ ಮೋಡಗಳಾಗುತ್ತದೆ. ಹೆಚ್ಚಿನವು ಹಾಗೇ ಕರಗುತ್ತವೆ. ಬಿಡದೆ ಎತ್ತರಕ್ಕೆ ಬೆಳೆಯುವುದು ಒಂದೋ ಎರಡೋ. "ಊಕೋಸಿನಂಗೆ ಉಬ್ಬಿ, ಆಮೇಲೆ ತಲೆ ಚಪ್ಪಟೆಯಾಗಿ ಅರಡ್ಕಂದ್ರೆ ಸಿಡ್ಲು ಬಂತು ಅಂತ್ಲೇ ಲೆಕ್ಕ. ತಣ್ಣನೆ ಗಾಳಿ ಬೀಸೋಗಂಟ ಕಾಯ್ಬಾರ್ದು."

ಆಗ ಮೂರು ಸಲ ವಿಷಲ್. ಕಾಡಂಚಿನಲ್ಲಿ ದನ, ಮೇಕೆ ಮೇಯಿಸುವ ಏಳು ಜನ ಶಾಲೆಯ ಕಟ್ಟಡಕ್ಕೆ ಬಂದು ಸೇರಬೇಕು. ಗುಡುಗಿನ ತಿಂಗಳುಗಳಲ್ಲಿ ಕೂಲಿಯನ್ನೂ ಬಿಟ್ಟು, ದಿನಕ್ಕೆ ಎಂಟೊಂಬತ್ತು ತಾಸು ಪುಟ್ಟಸಿದ್ದಯ್ಯ ಒಬ್ಬರೇ ಇಲ್ಲಿ ಕೂರುತ್ತಾರೆ. ಮಾತಿಗೂ ಯಾರೂ ಇರುವುದಿಲ್ಲ. ಈ ಕೆಲಸ ಮಾಡೆಂದು ಹೇಳಿದವರೂ ಇಲ್ಲ.

ಒಂಬತ್ತು ವರ್ಷದ ಹಿಂದೆ, ರಾಗಿ ತೆನೆ ಕಟ್ಟಿದ ಕಾಲ. ಮೋಡ ಕಂಡು ಗಾಬರಿಯಾಗಿ, ಹೊಲದಲ್ಲಿದ್ದ ಹೆಂಡತಿ ಲಕ್ಷ್ಮಿದೇವಿ ಮನೆಗೆ ಬರಲೆಂದು ಇದೇ ಬಂಡೆಯಿಂದ ಅವರು ತಗಡಿನ ಡಬ್ಬ ಬಡಿದರು. ಈ ಕಡೆ ಡಬ್ಬದ ಸದ್ದಿಗೆ ಒಂದೇ ಅರ್ಥ, ಆನೆ ಬಂತು. ಆಕೆ ಓಡಿಹೋಗಿ ಹುಣಸೆ ಮರದ ಮೇಲಿನ ಅಟ್ಟಣೆ ಹತ್ತಿದರು. ಸಿಡಿಲು ಆ ಮರಕ್ಕೇ ಹೊಡೆಯಿತು.

"ಮರ ಅತ್ತಿಸ್ದೋನು ನಾನೇ ಸಾ," ಎನ್ನುತ್ತಾರೆ. ಇದನ್ನು ಕೇಳಿಸಿಕೊಳ್ಳುವುದೇ ಕಷ್ಟ. ಅವರು ಬದುಕುತ್ತಿರುವುದು ಇದರ ಜೊತೆಗೆ.

ಮೂರು ಗಂಟೆಯ ಹೊತ್ತಿಗೆ ಕಾಡಿನ ಮೇಲಿನ ಮೋಡದ ತಲೆ ಹರಡುತ್ತದೆ, ತಳ ಕಪ್ಪಾಗುತ್ತದೆ. ವಿಷಲ್ ಕೂಗುತ್ತದೆ. ಪುಟ್ಟಸಿದ್ದಯ್ಯ ಬಂಡೆ ಇಳಿದು ಬಂದು ಶಾಲೆಯ ಬಾಗಿಲಲ್ಲಿ ನಿಂತು ಬಂದವರ ತಲೆ ಎಣಿಸುತ್ತಾರೆ. ಮೇಕೆ ಮೇಯಿಸುವ ರಾಣಿ ಸೆರಗಿನಿಂದ ಮುಖ ಒರೆಸಿಕೊಂಡು, "ಮೊದ್ಮೊದ್ಲು ನಗಾಡ್ತಿದ್ವಿ. ಈಗ ವಿಷಲ್ ಕೇಳುದ್ರೆ ಮೇಕೆಗಳೇ ಊರ್ಕಡೆ ತಿರಿಕತವೆ," ಎನ್ನುತ್ತಾರೆ.

"ವಿಷಲ್ ಅಂದ್ರೆ ಸಿಡ್ಲು, ಡಬ್ಬ ಅಂದ್ರೆ ಆನೆ. ಇಷ್ಟು ಎಲ್ರಿಗೂ ಗೊತ್ತಾದ್ರೆ ಸಾಕು ಸಾ, ನಂಗಿನ್ನೇನೂ ಬ್ಯಾಡ," ಎನ್ನುತ್ತಾರೆ ಪುಟ್ಟಸಿದ್ದಯ್ಯ.

ಏಳು ಜನರೂ ಒಳಗಿದ್ದಾರೆ. ಮೊದಲ ಗುಡುಗು ಕೇಳುತ್ತದೆ. ಆದರೂ ಪುಟ್ಟಸಿದ್ದಯ್ಯ ದೂರದ ಸುಟ್ಟ ಹುಣಸೆ ಮರದ ಕಡೆ ತಿರುಗಿ ಇನ್ನೊಮ್ಮೆ ಊದುತ್ತಾರೆ.

"ಅಲ್ಲಿನ್ಯಾರೂ ಇಲ್ಲ ಕಣಣ್ಣ," ಎನ್ನುತ್ತಾರೆ ರಾಣಿ.

"ಗೊತ್ತು ಕಣವ್ವ. ಅವತ್ತು ಇದ್ನೇ ಊದ್ಬೇಕಿತ್ತು."