ದಳವಾಯಿಯನ್ನು ಬೈದವಳ ಪದ

ಅರಕೆರೆಯ ಗದ್ದೆಯಲ್ಲಿ ನಾಟಿ ಹಾಕುವಾಗ ನಮ್ಮಜ್ಜಿ ಒಂದು ಪದ ಹೇಳುತ್ತಿದ್ದಳು. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲದ್ದು. ದಳವಾಯಿಯೊಬ್ಬ ಕಂದಾಯ ಏರಿಸಿದ. ಎದುರಾಡಿದ ರೈತನೊಬ್ಬನನ್ನು ಕೋಟೆ ಬಾಗಿಲಲ್ಲೇ ಕೊಲ್ಲಿಸಿದ. ಆ ರೈತನ ಹೆಂಡತಿ ಅದೇ ಬಾಗಿಲಿಗೆ ಬಂದು, ದಳವಾಯಿಯ ಮುಖಕ್ಕೇ ಪದ ಕಟ್ಟಿ ಹಾಡಿದಳು:

ಕೋಟೆ ನಿನದಾದರೆ ಕಾವೇರಿ ನಿನದೇನೊ
ಊರ ಬಾಯಿಗೆ ಬೀಗ ಹಾಕುವೆಯೇನೊ

"ನಾಲ್ಗೆ ಕುಯ್ಸ್‌ಬುಟ್ಟ ಕಣವ್ವ. ಆದ್ರೂ ಪದ ಸಾಯ್ನಿಲ್ಲ" ಅನ್ನುತ್ತಿದ್ದಳು ಅಜ್ಜಿ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಎಂ.ಎ. ಓದುತ್ತಿದ್ದೆ. ಹೊಣಕೆರೆ ಕಡೆಯ ಹೆಂಗಸರಿಂದಲೂ ಆ ಪದದ ನುಡಿಗಳನ್ನು ಕೇಳಿ ಬರೆದುಕೊಂಡು ನನ್ನ ಮೇಷ್ಟ್ರಿಗೆ ಕೊಟ್ಟೆ. ಅವರು ಓದಿ ನಕ್ಕರು.

"ನೋಡಮ್ಮ, ಆ ಕಾಲದ ಹೆಂಗಸಿಗೆ ಒಲೆ ಗೊತ್ತು, ರಾಜಕೀಯ ಏನು ಗೊತ್ತು? ಇದು ಯಾವನೋ ಆಸ್ಥಾನದವನು ಹೆಣ್ಣಿನ ದನಿಯಲ್ಲಿ ಬರೆದದ್ದು. ಪ್ರಬಂಧಕ್ಕೆ ಬೇರೆ ವಿಷಯ ತಗೋ."

ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಎಲೆಯಡಿಕೆ ಉಗಿದು, ಅದುವರೆಗೆ ನಾನು ಕೇಳಿರದ ಕೊನೆಯ ನುಡಿಯನ್ನು ಹೇಳಿಕೊಟ್ಟಳು.

"ಇದು ಶಾಪದ್ದು. ಬರ್ಕೋಬ್ಯಾಡ, ಬಾಯಲ್ಲೇ ಇಟ್ಕೊ."

ಕೆಲವು ತಿಂಗಳ ಮೇಲೆ ಪಾಂಡವಪುರದಲ್ಲಿ ವಿಚಾರ ಸಂಕಿರಣ. ಆಹ್ವಾನ ಪತ್ರಿಕೆಯಲ್ಲಿ ಮೇಷ್ಟ್ರ ಹೆಸರು. ವಿಷಯ: ಅಜ್ಞಾತ ಆಸ್ಥಾನ ಕವಿಯೊಬ್ಬನ ಪ್ರತಿಭಟನೆಯ ಪದ. ಅದನ್ನು ಓದಿದಾಗ ನನಗೆ ಅಳು ಬರಲಿಲ್ಲ. ಯಾರ ಹತ್ತಿರವೂ ದೂರಲಿಲ್ಲ. ಅವರು ವೇದಿಕೆ ಹತ್ತಲಿ, ಬೀಳುವುದಾದರೆ ಅಲ್ಲಿಂದಲೇ ಬೀಳಲಿ ಎಂದು ಕಾದೆ.

ಅಂದು ಸಭೆ ತುಂಬಿತ್ತು. ಮೇಷ್ಟ್ರು ನಾನು ಬರೆದುಕೊಟ್ಟ ನುಡಿಗಳನ್ನೇ ಓದಿ, ಹಳ್ಳಿ ಹಳ್ಳಿ ತಾವೇ ತಿರುಗಿ ಸಂಗ್ರಹಿಸಿದ್ದಾಗಿ ಹೇಳಿದರು. ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತೆ.

"ಕೊನೆಯ ನುಡಿ ಬಿಟ್ಟಿದ್ದೀರಿ, ಸಾರ್."

"ಕೊನೆಯದೇ? ಪದ ಅಲ್ಲಿಗೆ ಮುಗಿಯುತ್ತದಮ್ಮ."

ನಾನು ಅಜ್ಜಿಯ ಧಾಟಿಯಲ್ಲೇ ಹಾಡಿದೆ:

ಬಳೆಯೊಡೆದ ಕೈಯಿಂದ ಕಟ್ಟಿದೆನು ಈ ಪದವ
ಕದ್ದು ಹಾಡಿದ ಬಾಯಿ ಕೊಳೆತು ಹೋಗಲಿ

ಹಿಂದೆ ಕೂತಿದ್ದ ಹೆಂಗಸೊಬ್ಬಳು ಮೊದಲು ನಕ್ಕಳು, ಆಮೇಲೆ ಸಾಲು ಸಾಲೇ ನಕ್ಕಿತು. "ಬಳೆ ಒಡೆದುಕೊಂಡ ಆಸ್ಥಾನ ಕವಿ ಯಾರು ಸಾರ್?" ಎಂದು ಕೇಳಿದೆ. ಮೇಷ್ಟ್ರು ನೀರು ಕುಡಿದರು. ಹಾಳೆಗಳನ್ನು ಮಡಚಿಕೊಂಡು ವೇದಿಕೆ ಇಳಿದರು. ಅವರು ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ.

ಆ ಪದದ ಮೇಲೆ ಅವರು ತರಲಿದ್ದ ಪುಸ್ತಕ ಅಚ್ಚಾಗಲಿಲ್ಲ. ನನಗೂ ಪೆಟ್ಟು ಬಿತ್ತು. ಪಿಎಚ್.ಡಿ.ಗೆ ಸೀಟು ಸಿಗದ ಹಾಗೆ ಅವರು ನೋಡಿಕೊಂಡರು. ಮುಂದೆ ನಾಗಮಂಗಲದ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತು. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಆ ಪದ ಕಲಿಸಿದೆ, ಶಾಪವನ್ನೂ ಸೇರಿಸಿ.

ಮೇಷ್ಟ್ರನ್ನು ಕ್ಷಮಿಸಿದಿರಾ ಎಂದು ಕೇಳಿದವರಿದ್ದಾರೆ. ಇಲ್ಲ. ಒಮ್ಮೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಎದುರಾದರು. ನನ್ನನ್ನು ಕಂಡದ್ದೇ ಮುಖ ತಿರುಗಿಸಿ, ನಿಂತಿದ್ದ ಬಸ್ಸು ಹತ್ತಿಬಿಟ್ಟರು. ಅದು ಕೆ.ಆರ್. ಪೇಟೆಗೆ ಹೋಗುವುದು, ಅವರ ಮನೆ ಮೈಸೂರಿನಲ್ಲಿ. ಬಸ್ಸು ಹೊರಡುವ ತನಕ ಕಿಟಕಿಯ ಎದುರಿಗೇ ನಿಂತಿದ್ದೆ.